ಲೂ ಝೆಂಗ್‌ಶಿಯಾಂಗ್: ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕದ ಮಂತ್ರಿ

ಮೊದಲನೇ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್‌ನಲ್ಲಿ ನಡೆದ ಶಾಂತಿ ಸಮ್ಮೇಳನದ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಮೆರಿಕದ ವಿಲ್ಸನ್, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಫ್ರಾನ್ಸಿನ ಕ್ಲೆಮೆನ್ಸೋ ಎಂಬ ಹೆಸರುಗಳು ನೆನಪಿರುತ್ತವೆ. ಜರ್ಮನಿಯ ಮೇಲೆ ಹೇರಿದ ದಂಡ ನೆನಪಿರುತ್ತದೆ. ಆದರೆ ಗೆದ್ದವರ ಸಾಲಿನಲ್ಲೇ ಕೂತಿದ್ದ ಒಂದು ದೇಶ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆ ದೇಶ ಚೀನಾ. ಅದರ ನಿಯೋಗದ ಮುಖ್ಯಸ್ಥರ ಹೆಸರು ಲೂ ಝೆಂಗ್‌ಶಿಯಾಂಗ್. ಇವತ್ತು ನಾನು ಮಾತಾಡುವುದು ಅವರ ಬಗ್ಗೆ.

ಇವರು ದುಭಾಷಿಯಾಗಿ ಕೆಲಸ ಶುರುಮಾಡಿದವರು. ವಿದೇಶಾಂಗ ಮಂತ್ರಿಯಾದರು. ಸ್ವಲ್ಪ ಕಾಲ ಪ್ರಧಾನಿಯೂ ಆದರು. ಕೊನೆಗೆ 1949ರಲ್ಲಿ ಬೆಲ್ಜಿಯಂನಲ್ಲಿ ಸನ್ಯಾಸಿಯಾಗಿ ತೀರಿಕೊಂಡರು. ಹೀಗೆ ಹೇಳಿದರೆ ಇದು ಇಬ್ಬರು ಬೇರೆ ಬೇರೆ ಮನುಷ್ಯರ ಕಥೆ ಅನ್ನಿಸುತ್ತದೆ. ರಾಜಕೀಯದಲ್ಲಿ ಸೋತು ಮಠ ಸೇರಿದರು ಅಂತ ಬರೆದವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಇಡೀ ಬದುಕಿನ ಹಿಂದೆ ಒಬ್ಬ ಗುರು ಇದ್ದಾರೆ. ಆ ಗುರು ಹೇಳಿದ್ದನ್ನು ಅವರು ಕೊನೆಯವರೆಗೂ ಮಾಡುತ್ತಾ ಹೋದರು, ಅಷ್ಟೇ.

ಲೂ ಹುಟ್ಟಿದ್ದು 1871ರ ಜೂನ್ 12ರಂದು, ಶಾಂಘೈನಲ್ಲಿ. ತಂದೆ ಪ್ರಾಟೆಸ್ಟೆಂಟ್ ಕ್ರೈಸ್ತರು. ಲಂಡನ್ ಮಿಷನರಿ ಸೊಸೈಟಿಯವರ ಜೊತೆ ಕೆಲಸ ಮಾಡುತ್ತಿದ್ದರು, ಬೈಬಲ್ ಮತ್ತು ಧರ್ಮದ ಕರಪತ್ರಗಳನ್ನು ಹಂಚುತ್ತಿದ್ದರು. ತಾಯಿ ಲೂ ಚಿಕ್ಕವರಿದ್ದಾಗಲೇ ತೀರಿಕೊಂಡರು. ಹದಿಮೂರನೇ ವಯಸ್ಸಿಗೆ ಹುಡುಗನನ್ನು ಶಾಂಘೈನ ವಿದೇಶಿ ಭಾಷೆಗಳ ಶಾಲೆಗೆ ಸೇರಿಸಿದರು. ಅಲ್ಲಿ ಅವರು ಕಲಿತದ್ದು ಫ್ರೆಂಚ್.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಾಲದ ಚೀನಾದಲ್ಲಿ ದೊಡ್ಡ ಮನುಷ್ಯ ಆಗಬೇಕು ಅಂದರೆ ಒಂದೇ ದಾರಿ. ಕನ್‌ಫ್ಯೂಷಿಯಸ್‌ನ ಗ್ರಂಥಗಳನ್ನು ಬಾಯಿಪಾಠ ಮಾಡಿ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಪರದೇಶದ ಭಾಷೆ ಕಲಿಯುವುದು ಮರ್ಯಾದೆಯ ಕೆಲಸ ಅನ್ನಿಸಿಕೊಂಡಿರಲಿಲ್ಲ. ಅಫೀಮು ಯುದ್ಧಗಳಲ್ಲಿ ಸೋತ ಮೇಲೆ, ಎದುರಿನವನು ಒಪ್ಪಂದದಲ್ಲಿ ಏನು ಬರೆದಿದ್ದಾನೆ ಅಂತ ಓದುವುದಕ್ಕಾದರೂ ನಮ್ಮವರು ಬೇಕಲ್ಲ ಅನ್ನುವ ಗರಜಿಗೆ 1860ರ ದಶಕದಲ್ಲಿ ಈ ಶಾಲೆಗಳು ಶುರುವಾದವು. ಪರೀಕ್ಷೆಯ ರಾಜಮಾರ್ಗ ಬಿಟ್ಟು ಈ ಪಕ್ಕದ ಬಾಗಿಲಿನಿಂದ ಒಳಗೆ ಬಂದವರು ಲೂ. ಅಧಿಕಾರಿ ವರ್ಗದಲ್ಲಿ ಅವರಿಗೆ ಕೊನೆಯವರೆಗೂ ಬೆನ್ನಿಗೆ ನಿಲ್ಲುವ ಸ್ವಂತ ಬಳಗ ಅಂತ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಶಾಂಘೈ ಆದ ಮೇಲೆ ಬೀಜಿಂಗ್‌ನ ದುಭಾಷಿಗಳ ಶಾಲೆ. ಅಲ್ಲಿಂದ 1893ರಲ್ಲಿ ರಷ್ಯಾದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ಗೆ, ಚೀನಾದ ರಾಯಭಾರ ಕಚೇರಿಯ ದುಭಾಷಿಯಾಗಿ. ಅಲ್ಲಿ ಅವರಿಗೆ ಸಿಕ್ಕವರೇ ನಾನು ಹೇಳಿದ ಆ ಗುರು. ಹೆಸರು ಶು ಜಿಂಗ್‌ಚೆಂಗ್. ರಷ್ಯಾದಲ್ಲಿ ಚೀನಾದ ರಾಯಭಾರಿ.

ಶು ಹಳೇ ಪರೀಕ್ಷೆಗಳನ್ನು ಪಾಸು ಮಾಡಿ ಬಂದ ಪಂಡಿತರು. ಆದರೂ ಈ ದುಭಾಷಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದರು. ಪದವಿಯ ಹಿಂದೆ ಓಡಬೇಡ ಅಂದರು. ಈ ಜನ ಹೇಗೆ ಬದುಕುತ್ತಾರೆ, ಕಚೇರಿ ಹೇಗೆ ನಡೆಸುತ್ತಾರೆ, ಒಪ್ಪಂದ ಹೇಗೆ ಬರೆಯುತ್ತಾರೆ, ಎಲ್ಲ ಕಣ್ಣಿಟ್ಟು ನೋಡು ಅಂದರು. 1895ರಲ್ಲಿ ಚೀನಾ ಜಪಾನಿಗೆ ಸೋತು ಶಿಮೊನೊಸೆಕಿಯಲ್ಲಿ ಸಹಿ ಹಾಕಿ ತೈವಾನ್ ಬಿಟ್ಟುಕೊಟ್ಟಿತು. ಆ ಊರಿನ ಹೆಸರನ್ನು ಎಂದೂ ಮರೆಯಬೇಡ ಅಂತ ಶು ಶಿಷ್ಯನಿಗೆ ಹೇಳಿದರು.

ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಲೂ ಮುಂದೆ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಯುರೋಪಿನ ಬಲ ಅವರ ತುಪಾಕಿಯಲ್ಲಿಲ್ಲ, ವಿಜ್ಞಾನದಲ್ಲೂ ಇಲ್ಲ, ಅವರ ಧರ್ಮದಲ್ಲಿದೆ. ನಿನಗೆ ಮುಂದೆ ಅವಕಾಶ ಸಿಕ್ಕರೆ ಆ ಧರ್ಮದ ಎಲ್ಲಕ್ಕಿಂತ ಹಳೆಯ ಶಾಖೆಯನ್ನು ಹುಡುಕು. ಅದರೊಳಗೆ ಹೋಗು. ಅವರ ಒಳಬದುಕಿನ ಗುಟ್ಟೇನು ಅಂತ ತಿಳಿದು ಅದನ್ನು ಚೀನಾಕ್ಕೆ ತಗೊಂಡು ಬಾ. ಇದು ಅವರ ಸಲಹೆಯ ತಿರುಳು. ಹೇಳಿದವರು ಕ್ರೈಸ್ತರಲ್ಲ, ಕನ್‌ಫ್ಯೂಷಿಯಸ್‌ನ ದಾರಿಯಲ್ಲೇ ಬದುಕಿದವರು. ಅವರ ಅಂದಾಜು ಸರಿಯೋ ತಪ್ಪೋ ಬೇರೆ ಮಾತು. ಒಬ್ಬ ಹಿರಿಯ ತನ್ನ ದೇಶದ ಚಿಂತೆಯಲ್ಲಿ ಹೇಳಿದ ಮಾತು ಅದು. ಶಿಷ್ಯ ಅದನ್ನು ಹಾಗೆಯೇ ಎದೆಯಲ್ಲಿಟ್ಟುಕೊಂಡ.

1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ಬಾಕ್ಸರ್ ದಂಗೆ ಎದ್ದಿತು. ಬೀಜಿಂಗ್‌ನಲ್ಲಿದ್ದ ವಿದೇಶಿ ರಾಯಭಾರ ಕಚೇರಿಗಳಿಗೆ ಮುತ್ತಿಗೆ ಹಾಕಿದರು. ಆಗ ಶು ಊರಿಗೆ ಮರಳಿ ಆಸ್ಥಾನದಲ್ಲಿದ್ದರು. ರಾಯಭಾರಿಗಳ ಮೇಲೆ ಕೈ ಮಾಡುವುದು ತಪ್ಪು, ಇಷ್ಟು ದೇಶಗಳ ಜೊತೆ ಒಟ್ಟಿಗೆ ಯುದ್ಧ ಹೂಡಿದರೆ ನಾವು ಉಳಿಯುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದರು. ರಾಜಮಾತೆ ಸಿಷಿಯ ಸರ್ಕಾರ ಜುಲೈ 28ರಂದು ಅವರ ತಲೆ ತೆಗೆಸಿತು. ಅದೇ ಮಾತು ಹೇಳಿದ ಯುವಾನ್ ಚಾಂಗ್ ಅನ್ನುವ ಮತ್ತೊಬ್ಬ ಅಧಿಕಾರಿಯ ತಲೆಯನ್ನೂ ಅದೇ ದಿನ ತೆಗೆಸಿತು. ಹದಿನೇಳೇ ದಿನ. ಆಗಸ್ಟ್ 14ಕ್ಕೆ ಎಂಟು ದೇಶಗಳ ಸೈನ್ಯ ಬೀಜಿಂಗ್ ಒಳಗಿತ್ತು. ಶು ಹೇಳಿದ್ದೇ ಆಯಿತು. ಮುಂದಿನ ವರ್ಷ ಅದೇ ಸರ್ಕಾರ ಅವರ ಮೇಲಿನ ಆರೋಪ ತೆಗೆದುಹಾಕಿ ಗೌರವ ವಾಪಸು ಕೊಟ್ಟಿತು. ಹೋದ ತಲೆ ಬರುತ್ತದೆಯೇ?

ಲೂ ಆಗ ರಷ್ಯಾದಲ್ಲೇ ಇದ್ದರು. ಅವರ ವಯಸ್ಸು 29. ಹಿಂದಿನ ವರ್ಷವಷ್ಟೇ, 1899ರ ಫೆಬ್ರುವರಿಯಲ್ಲಿ, ಬರ್ತ್ ಬೋವಿ ಎಂಬ ಬೆಲ್ಜಿಯಂನ ಮಹಿಳೆಯನ್ನು ಮದುವೆಯಾಗಿದ್ದರು. ಆಕೆ ಕ್ಯಾಥೊಲಿಕ್. ಪರದೇಶದ ಹೆಂಡತಿ ಇರುವ ಚೀನೀ ಅಧಿಕಾರಿ ಅಂದರೆ ಆ ಕಾಲಕ್ಕೆ ಸಣ್ಣ ವಿಷಯವಲ್ಲ. ಬಡ್ತಿಗೆ ಕಲ್ಲು ಬೀಳಬಹುದಿತ್ತು. ಅದನ್ನು ಅವರು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 27 ವರ್ಷ ಜೊತೆಗೆ ಬಾಳಿದರು. ಮಕ್ಕಳಾಗಲಿಲ್ಲ.

ಮುಂದಿನ ಕೆಲವು ವರ್ಷಗಳನ್ನು ಬೇಗ ದಾಟಿಬಿಡೋಣ. ಹಾಲೆಂಡಿನಲ್ಲಿ ರಾಯಭಾರಿ. 1907ರಲ್ಲಿ ಹೇಗ್‌ನ ಎರಡನೇ ಶಾಂತಿ ಸಮ್ಮೇಳನದಲ್ಲಿ ಚೀನಾದ ಪ್ರತಿನಿಧಿ. ಅಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರ ಹಂಚಿಕೆಯ ಚರ್ಚೆ ಬಂತು. ಯಾವ ದೇಶ ಎಷ್ಟನೇ ದರ್ಜೆ ಅಂತ ಪಟ್ಟಿ ಮಾಡಿದಾಗ ಚೀನಾವನ್ನು ಮೂರನೇ ಸಾಲಿಗೆ ತಳ್ಳಿದರು. ಕಾನೂನು ಸುಧಾರಿಸದಿದ್ದರೆ ಜಗತ್ತು ನಮ್ಮನ್ನು ಹೀಗೇ ನೋಡುತ್ತದೆ ಅಂತ ಲೂ ಬೀಜಿಂಗ್‌ಗೆ ಎಚ್ಚರಿಕೆ ಬರೆದರು. 1911ರ ಅಕ್ಟೋಬರ್‌ನಲ್ಲಿ ಅವರು ಕ್ಯಾಥೊಲಿಕ್ ಆದರು. ಗುರು ಹೇಳಿದ್ದ 'ಹಳೆಯ ಶಾಖೆ' ನೆನಪಿದೆ ಅಲ್ವಾ? ಅದೇ ತಿಂಗಳು ಚೀನಾದಲ್ಲಿ ಕ್ರಾಂತಿ ಶುರುವಾಯಿತು. ಸಿಂಹಾಸನ ಬಿಟ್ಟುಬಿಡುವುದೇ ಒಳ್ಳೆಯದು ಅಂತ ಚಕ್ರವರ್ತಿಯ ಮನೆಗೆ ತಂತಿ ಕಳಿಸಿದ ರಾಯಭಾರಿಗಳಲ್ಲಿ ಲೂ ಕೂಡ ಒಬ್ಬರು. 1912ರ ಫೆಬ್ರುವರಿ 12ಕ್ಕೆ ಚಕ್ರವರ್ತಿ ಕೆಳಗಿಳಿದ. ಗಣರಾಜ್ಯ ಬಂತು, ಲೂ ಅದರ ಮೊದಲ ಸಂಪುಟದಲ್ಲೇ ವಿದೇಶಾಂಗ ಮಂತ್ರಿಯಾದರು.

ಮಂತ್ರಿಯಾಗಿ ಅವರು ಮಾಡಿದ ಒಂದು ಕೆಲಸಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಇಲಾಖೆಯನ್ನು ಬುಡದಿಂದ ಕಟ್ಟಿದರು. ವಿದೇಶಿ ಭಾಷೆ ಬರದವರಿಗೆ, ಈ ಕೆಲಸದ ತರಬೇತಿ ಇಲ್ಲದವರಿಗೆ ಜಾಗವಿಲ್ಲ ಅಂದರು. ಯಾರದೋ ಶಿಫಾರಸು ಹಿಡಿದು ಬಂದವರಿಗೆ ಬಾಗಿಲು ಮುಚ್ಚಿತು. ಮುಂದೆ ಪ್ಯಾರಿಸ್‌ನಲ್ಲಿ ಮಿಂಚಿದ ಎಳೆಯರ ತಂಡ ಬೆಳೆದದ್ದು ಇಂಥ ಕಚೇರಿಯಲ್ಲಿ.

ಆದರೆ ರಾಜಕಾರಣ ಅವರಿಗೆ ಒಗ್ಗುತ್ತಿರಲಿಲ್ಲ. 1912ರ ಜೂನ್ ಕೊನೆಗೆ ಅವರನ್ನು ಪ್ರಧಾನಿ ಮಾಡಿದರು. ಜುಲೈನಲ್ಲಿ ತಮ್ಮ ಸಂಪುಟದ ಹೆಸರುಗಳನ್ನು ಹಿಡಿದು ಸೆನೆಟ್ ಮುಂದೆ ನಿಂತರು. ಸದಸ್ಯರು ನೀತಿ ನಿಲುವುಗಳ ಭಾಷಣಕ್ಕೆ ಕಾದಿದ್ದರು. ಲೂ ತಮ್ಮ ಸರಳ ಬದುಕಿನ ಬಗ್ಗೆ ಮಾತಾಡಿದರು. ಮಂತ್ರಿಗಳನ್ನು ಆರಿಸುವುದು ಹುಟ್ಟುಹಬ್ಬದ ಊಟಕ್ಕೆ ಅಡುಗೆಯ ಪಟ್ಟಿ ಮಾಡಿದ ಹಾಗೆ ಅನ್ನುವ ಅರ್ಥದ ಮಾತಾಡಿದರು. ಸಭೆ ಕೆರಳಿತು. ಅವರು ಕೊಟ್ಟ ಆರು ಹೆಸರನ್ನೂ ತಿರಸ್ಕರಿಸಿತು. ಲೂ ಆಸ್ಪತ್ರೆ ಸೇರಿದರು, ಸೆಪ್ಟೆಂಬರ್‌ನಲ್ಲಿ ಪದವಿ ಬಿಟ್ಟರು. ಅವರದು ನಾಲ್ಕು ಜನರ ಮೇಜಿನ ಮುಂದೆ ಕೂತು, ಕಾಗದ ಹಿಡಿದು, ತಾಳ್ಮೆಯಿಂದ ಮಾತಾಡುವ ಪ್ರತಿಭೆ. ತುಂಬಿದ ಸಭೆಯನ್ನು ಗೆಲ್ಲುವ ಪ್ರತಿಭೆ ಅಲ್ಲ.

ಆ ಮೇಜಿನ ಪ್ರತಿಭೆ ಪರೀಕ್ಷೆಗೆ ಬಿದ್ದದ್ದು 1915ರಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಪ್ಯಾರಿಸ್‌ನಲ್ಲಿ ಆದದ್ದೆಲ್ಲದರ ಬೇರು ಇಲ್ಲಿದೆ.

ಚೀನಾದ ಶಾಂಡೊಂಗ್ ಪ್ರಾಂತ್ಯದ ಚಿಂಗ್‌ಡಾವ್ ಬಂದರು, ಸುತ್ತಲಿನ ಕೊಲ್ಲಿ ಎಲ್ಲ 1898ರಿಂದ ಜರ್ಮನಿಯ ಕೈಯಲ್ಲಿತ್ತು, 99 ವರ್ಷದ ಗುತ್ತಿಗೆ. 1914ರಲ್ಲಿ ಯುದ್ಧ ಶುರುವಾದಾಗ ಜಪಾನ್ ಮಿತ್ರಪಕ್ಷದ ಹೆಸರಿನಲ್ಲಿ ಬಂದು ನವೆಂಬರ್‌ನಲ್ಲಿ ಅದನ್ನು ಕಿತ್ತುಕೊಂಡಿತು. ಯುರೋಪಿನವರೆಲ್ಲ ತಮ್ಮ ತಮ್ಮ ಕಂದಕದಲ್ಲಿ ಹೂತುಹೋಗಿದ್ದರು. ಕೇಳುವವರು ಯಾರೂ ಇರಲಿಲ್ಲ. 1915ರ ಜನವರಿ 18ರಂದು ಜಪಾನಿನ ರಾಯಭಾರಿ ಹಿಯೋಕಿ ನೇರವಾಗಿ ಅಧ್ಯಕ್ಷ ಯುವಾನ್ ಶಿಕಾಯ್ ಬಳಿಗೇ ಹೋಗಿ ಒಂದು ಬೇಡಿಕೆಗಳ ಪಟ್ಟಿ ಕೊಟ್ಟರು. 21 ಬೇಡಿಕೆ, ಐದು ಗುಂಪು. ಆಗ ಬೀಜಿಂಗ್‌ನಲ್ಲಿದ್ದ ಅಮೆರಿಕದ ರಾಯಭಾರಿ ಪಾಲ್ ರೈನ್ಶ್ ಬರೆದಿಟ್ಟಿದ್ದಾರೆ, ಆ ಕಾಗದದ ವಾಟರ್‌ಮಾರ್ಕ್‌ನಲ್ಲಿ ಯುದ್ಧನೌಕೆ ಮತ್ತು ಮೆಷಿನ್ ಗನ್ ಚಿತ್ರಗಳಿದ್ದವಂತೆ. ಬೇಕೆಂದೇ ಆ ಕಾಗದ ಆರಿಸಿದ್ದರೋ ಇಲ್ಲವೋ, ಓದಿದವರಿಗೆ ಸಂದೇಶ ಮುಟ್ಟಿತು.

ಶಾಂಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕೆಲ್ಲ ಜಪಾನಿಗೆ ಬರಬೇಕು. ದಕ್ಷಿಣ ಮಂಚೂರಿಯಾದ ಗುತ್ತಿಗೆಗಳು 99 ವರ್ಷಕ್ಕೆ ಬೆಳೆಯಬೇಕು. ಕಬ್ಬಿಣದ ದೊಡ್ಡ ಕಂಪನಿಯಲ್ಲಿ ಪಾಲು ಬೇಕು. ಐದನೇ ಗುಂಪು ಎಲ್ಲಕ್ಕಿಂತ ಕೆಟ್ಟದ್ದು. ಚೀನಾ ಸರ್ಕಾರ ಜಪಾನಿ ಸಲಹೆಗಾರರನ್ನು ಇಟ್ಟುಕೊಳ್ಳಬೇಕು, ಕೆಲವು ಕಡೆ ಪೊಲೀಸ್ ವ್ಯವಸ್ಥೆಯಲ್ಲೂ ಜಪಾನಿಯರಿರಬೇಕು, ಬೇಕಾದ ಶಸ್ತ್ರಗಳಲ್ಲಿ ಅರ್ಧವೋ ಅದಕ್ಕಿಂತ ಹೆಚ್ಚೋ ಜಪಾನಿನಿಂದ ಕೊಳ್ಳಬೇಕು. ಅದನ್ನು ಒಪ್ಪಿದರೆ ದೇಶ ಹೆಸರಿಗೆ ಮಾತ್ರ ದೇಶ. ಜೊತೆಗೊಂದು ತಾಕೀತು ಇತ್ತು, ಇದು ಹೊರಗೆ ಯಾರಿಗೂ ಗೊತ್ತಾಗಬಾರದು.

ಯುವಾನ್ ತಕ್ಷಣ ವಿದೇಶಾಂಗ ಮಂತ್ರಿಯನ್ನು ಬದಲಿಸಿ ಲೂ ಅವರನ್ನು ಕರೆಸಿದರು. ಕೊಟ್ಟ ಕೆಲಸ ಏನು? ಕಾಲ ತಳ್ಳುವುದು. ಹಿಯೋಕಿಗೆ ದಿನಾ ಮಾತುಕತೆ ನಡೆದು ಬೇಗ ಮುಗಿಯಬೇಕಿತ್ತು. ಲೂ ವಾರಕ್ಕೊಂದು ಸಾಕು ಅಂದರು. ವಾರಕ್ಕೆ ಮೂರು ಸಲ ಅಂತ ತೀರ್ಮಾನವಾಯಿತು. ಸಭೆ ಶುರುವಾದರೆ ಮೊದಲು ಉದ್ದನೆಯ ಉಪಚಾರ. ಆಮೇಲೆ ಟೀ. ಟೀ ಆರಾಮಾಗಿ ಕುಡಿದು ಮುಗಿಸಬೇಕು. ಆಮೇಲೆ ಒಂದೊಂದೇ ಕಲಮು. ಹೀಗೆ ಫೆಬ್ರುವರಿ 2ರಿಂದ ಏಪ್ರಿಲ್ ಕೊನೆಯವರೆಗೆ 25 ಸುತ್ತು. ನಡುವೆ ಹಿಯೋಕಿ ಕುದುರೆಯಿಂದ ಬಿದ್ದು ಪೆಟ್ಟು ಮಾಡಿಕೊಂಡರು. ಸರಿ, ಕೆಲವು ದಿನ ಉಳಿಯಿತು ಅಂದುಕೊಂಡರೆ ಅದೂ ಆಗಲಿಲ್ಲ. ಲೂ ಜಪಾನಿ ಕಚೇರಿಗೆ ಹೋಗಿ ರಾಯಭಾರಿಯ ಹಾಸಿಗೆಯ ಪಕ್ಕದಲ್ಲಿ ಕೂತು ಮಾತುಕತೆ ಮುಂದುವರಿಸಬೇಕಾಯಿತು. ಈ ಹೊತ್ತಿಗೆ ಇಲಾಖೆಯಲ್ಲಿದ್ದ ವೆಲಿಂಗ್ಟನ್ ಕೂ ಎಂಬ 27ರ ಯುವಕ ಇನ್ನೊಂದು ಕೆಲಸ ಮಾಡುತ್ತಿದ್ದರು. ಗುಟ್ಟಾಗಿ ಅಮೆರಿಕ, ಬ್ರಿಟನ್ ಕಚೇರಿಗಳಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಬೇಡಿಕೆಗಳು ಪತ್ರಿಕೆಗಳಿಗೆ ಸೋರಿದವು. ಜಗತ್ತಿಗೆ ಗೊತ್ತಾಯಿತು.

ಟೀ ಕುಡಿಸಿ ಏನು ಸಾಧಿಸಿದರು ಅಂತ ನೀವು ಕೇಳಬಹುದು. ಐದನೇ ಗುಂಪು ಬಿದ್ದುಹೋಯಿತು. ಇದು ಕಡಿಮೆ ಸಾಧನೆಯಲ್ಲ. ಆದರೆ ಮೇ 7ರಂದು ಜಪಾನ್ ಗಡುವು ಕೊಟ್ಟಿತು. 9ರ ಸಂಜೆ ಆರರೊಳಗೆ ಉಳಿದದ್ದನ್ನು ಒಪ್ಪಬೇಕು, ಇಲ್ಲದಿದ್ದರೆ ಯುದ್ಧ. ಚೀನಾದ ಬಳಿ ಯುದ್ಧ ಮಾಡುವ ಶಕ್ತಿ ಇರಲಿಲ್ಲ. ಒಪ್ಪಿದರು. ಮೇ 25ರಂದು ಲೂ ಸಹಿ ಹಾಕಿದರು. ನಾನು ಸಹಿ ಹಾಕಿದ್ದು ನನ್ನದೇ ಮರಣದಂಡನೆಗೆ ಅಂತ ಯುವಾನ್ ಮುಂದೆ ನೊಂದುಕೊಂಡರಂತೆ. ಗಡುವಿನ ಆ ದಿನವನ್ನು ಚೀನಾದ ಜನ ಮುಂದೆ ವರ್ಷಾವರ್ಷ ರಾಷ್ಟ್ರೀಯ ಅವಮಾನದ ದಿನ ಅಂತ ಆಚರಿಸಿದರು. ಆ ಅವಮಾನದ ಕಾಗದದ ಕೆಳಗೆ ಇದ್ದದ್ದು ಲೂ ಅವರ ಹೆಸರು.

ಈಗ ಪ್ಯಾರಿಸ್‌ಗೆ ಬರೋಣ. 1917ರ ಆಗಸ್ಟ್ 14ರಂದು ಚೀನಾ ಜರ್ಮನಿಯ ಮೇಲೆ ಯುದ್ಧ ಸಾರಿತು. ಸೈನ್ಯ ಕಳಿಸಲಿಲ್ಲ. ಆದರೆ ಸುಮಾರು 1,40,000 ಚೀನೀ ಕೂಲಿಕಾರರು ಫ್ರಾನ್ಸಿಗೆ ಹೋಗಿ ಮಿತ್ರಪಕ್ಷಕ್ಕಾಗಿ ಕಂದಕ ತೋಡಿದರು, ರೈಲು ಹಳಿ ಹಾಕಿದರು, ಹೆಣ ಹೂಳಿದರು. ಹಾಗಾಗಿ ಗೆದ್ದಾಗ ಶಾಂಡೊಂಗ್ ವಾಪಸು ಸಿಗುತ್ತದೆ ಅನ್ನುವ ಆಸೆ ಸಹಜವಾಗಿತ್ತು. ಸಾಲದ್ದಕ್ಕೆ ವಿಲ್ಸನ್ ಸಣ್ಣ ದೇಶಗಳಿಗೂ ನ್ಯಾಯ ಅಂತ ಭಾಷಣ ಮಾಡುತ್ತಿದ್ದರು. ಲೂ ನೇತೃತ್ವದಲ್ಲಿ ನಿಯೋಗ ಬಂದು ಲುಟೇಶಿಯಾ ಹೋಟೆಲಿನಲ್ಲಿ ಇಳಿಯಿತು. ಜಪಾನಿಗೆ ಸಮ್ಮೇಳನದಲ್ಲಿ ಐದು ಕುರ್ಚಿ. ಚೀನಾಕ್ಕೆ ಎರಡು.

ನಿಯೋಗದ ಒಳಗೇ ಜಗಳ. ಚೀನಾದಲ್ಲಿ ಆಗ ಬೀಜಿಂಗ್‌ನಲ್ಲೊಂದು, ದಕ್ಷಿಣದ ಕ್ಯಾಂಟನ್‌ನಲ್ಲೊಂದು ಸರ್ಕಾರ. ಎರಡರ ಜನವೂ ಈ ತಂಡದಲ್ಲಿದ್ದರು. ದಕ್ಷಿಣದ ಸಿ. ಟಿ. ವಾಂಗ್‌ಗೆ ಎರಡನೇ ಸ್ಥಾನ ಅಂತ ಲೂ ಮಾತು ಕೊಟ್ಟಿದ್ದರು. ಬೀಜಿಂಗ್ ಅದನ್ನು ಕೂಗೆ ಕೊಡಿ ಅಂದಿತು. ಲೂ ಆರೋಗ್ಯ ಮೊದಲೇ ಸರಿಯಿರಲಿಲ್ಲ. ಒಮ್ಮೆ ಬೇಸತ್ತು ಯಾರಿಗೂ ಹೇಳದೆ ಸ್ವಿಟ್ಜರ್ಲೆಂಡಿಗೆ ಹೋಗಿಬಿಟ್ಟರು, ಆಮೇಲೆ ಬಂದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಗಟ್ಟಿ ಮುಂದಾಳು ಅಂತ ನಾವು ಕರೆಯುವಂಥವರು ಅವರಲ್ಲ.

ಜನವರಿ 28ರಂದು ಚೀನಾದ ವಾದ ಮಂಡಿಸಿದವರು ಕೂ. ಲೂ ಅನಾರೋಗ್ಯದಿಂದ ಹೋಗಿರಲಿಲ್ಲ. ಮರುದಿನ ಕೂಗೆ 31 ತುಂಬುವುದಿತ್ತು. ಶಾಂಡೊಂಗ್ ಚೀನಾದ ನಾಗರಿಕತೆಯ ತೊಟ್ಟಿಲು, ಕನ್‌ಫ್ಯೂಷಿಯಸ್ ಹುಟ್ಟಿದ ನೆಲ, ಚೀನೀಯರ ಪುಣ್ಯಭೂಮಿ, ಅದನ್ನು ನಾವು ಹೇಗೆ ಬಿಡಲಿ ಅಂತ ಕೂ ಮಾತಾಡಿದರು. ದೊಡ್ಡ ದೊಡ್ಡವರೆಲ್ಲ ಬಂದು ಕೈಕುಲುಕಿದರು. ಆದರೆ ತೂಗುವ ಕಲ್ಲುಗಳೆಲ್ಲ ಜಪಾನಿನ ತಟ್ಟೆಯಲ್ಲಿದ್ದವು. ಬ್ರಿಟನ್, ಫ್ರಾನ್ಸ್ 1917ರಲ್ಲೇ ಶಾಂಡೊಂಗ್ ನಿಮಗೇ ಅಂತ ಜಪಾನಿಗೆ ಗುಟ್ಟಾಗಿ ಬರೆದುಕೊಟ್ಟಿದ್ದವು. ಅದಕ್ಕಿಂತ ನೋವಿನ ಸಂಗತಿ, 1918ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರವೇ ಎರಡು ಕೋಟಿ ಯೆನ್ ರೈಲ್ವೆ ಸಾಲದ ಮುಂಗಡಕ್ಕಾಗಿ ಶಾಂಡೊಂಗ್ ಏರ್ಪಾಟಿಗೆ 'ಸಂತೋಷದಿಂದ ಒಪ್ಪುತ್ತೇವೆ' ಅಂತ ಪತ್ರ ಕೊಟ್ಟಿತ್ತು. ಆಗ ವಿದೇಶಾಂಗ ಮಂತ್ರಿ ಯಾರು? ಲೂ.

ಏಪ್ರಿಲ್ 22ರಂದು ವಿಲ್ಸನ್ ಇದನ್ನೇ ಎತ್ತಿದರು. ಲೂ ಮತ್ತು ಕೂ ಎದುರಿಗೆ ಕೂತಿದ್ದರು. 1915ರದ್ದು ಬಲವಂತದ ಸಹಿ ಅನ್ನುತ್ತೀರಿ, ಸರಿ. 1918ರಲ್ಲಿ ಯುದ್ಧ ಮುಗಿಯುತ್ತಾ ಬಂದಿತ್ತು, ಆಗ ಯಾಕೆ ಒಪ್ಪಿದಿರಿ ಅಂತ ಕೇಳಿದರು. ಹಿಂದಿನ ಒಪ್ಪಂದದ ಮುಂದುವರಿಕೆಯೇ ಇದು ಅಂತ ಕೂ ಉತ್ತರ ಕೊಟ್ಟರು. ಆ ಕೋಣೆಯಲ್ಲಿ ಲೂ ಅವರಿಗೆ ಏನನ್ನಿಸಿರಬೇಕು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ತನ್ನ ದೇಶದ ವಿರುದ್ಧ ಎದುರಾಳಿ ಹಿಡಿದಿರುವ ಸಾಕ್ಷಿ ತನ್ನದೇ ಕೈಬರಹ.

ಏಪ್ರಿಲ್ 30ಕ್ಕೆ ತೀರ್ಮಾನವಾಯಿತು. ಶಾಂಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕು ಜಪಾನಿಗೆ. ಮೇ 4ರಂದು ಬೀಜಿಂಗ್‌ನ ತಿಯಾನನ್‌ಮೆನ್ ಮುಂದೆ ಸುಮಾರು 3,000 ವಿದ್ಯಾರ್ಥಿಗಳು ಸೇರಿದರು. ಜಪಾನಿನ ಪರ ಅಂತ ಹೆಸರಾಗಿದ್ದ ಮಂತ್ರಿಯೊಬ್ಬರ ಮನೆಗೆ ಬೆಂಕಿ ಬಿತ್ತು. ಶಾಂಘೈನಲ್ಲಿ ಅಂಗಡಿ ಮುಚ್ಚಿದರು, ಕಾರ್ಖಾನೆ ನಿಂತಿತು. ಪ್ಯಾರಿಸ್‌ನ ನಿಯೋಗಕ್ಕೆ ಸಾವಿರಾರು ತಂತಿಗಳು ಬಂದವು. ಎಲ್ಲದರಲ್ಲೂ ಒಂದೇ ಮಾತು, ಸಹಿ ಹಾಕಬೇಡಿ.

ಬೀಜಿಂಗ್ ಸರ್ಕಾರ ಏನು ಹೇಳಿತು? ಒಮ್ಮೆ ಹಾಕಿ ಅಂದಿತು. ಆಮೇಲೆ ತಡವರಿಸಿತು. ಒಳಗೊಳಗೇ ಹೊಣೆ ಜಾರಿಸಿ ಪ್ಯಾರಿಸ್‌ನವರ ತಲೆಗೆ ಕಟ್ಟಿತು. ಲೂ ಆಗ ಪ್ಯಾರಿಸ್ ಪಕ್ಕದ ಸೇಂಟ್ ಕ್ಲೂದ ಆಸ್ಪತ್ರೆಯಲ್ಲಿದ್ದರು. ಜೂನ್ ಕೊನೆಯ ವಾರ ನಿಯೋಗ ಒಂದು ನಡುದಾರಿ ಹುಡುಕಿತು. ಸಹಿ ಹಾಕುತ್ತೇವೆ, ಶಾಂಡೊಂಗ್ ಕಲಮುಗಳಿಗೆ ನಮ್ಮ ಒಪ್ಪಿಗೆ ಇಲ್ಲ ಅಂತ ಒಪ್ಪಂದದಲ್ಲಿ ಬರೆಯಲು ಬಿಡಿ ಅಂದರು. ಇಲ್ಲ. ಅನುಬಂಧದಲ್ಲಿ ಹಾಕುತ್ತೇವೆ. ಇಲ್ಲ. ಬೇರೆ ಕಾಗದದಲ್ಲಿ ಒಂದು ಹೇಳಿಕೆ ಕೊಡುತ್ತೇವೆ. ಅದೂ ಇಲ್ಲ. ಇತ್ತ ಪ್ಯಾರಿಸ್‌ನಲ್ಲಿದ್ದ ಚೀನೀ ವಿದ್ಯಾರ್ಥಿಗಳು, ಕಾರ್ಮಿಕರು ಆಸ್ಪತ್ರೆಯ ತೋಟದಲ್ಲಿ ಜಮಾಯಿಸಿದ್ದರು. ಮಂತ್ರಿ ಸಹಿ ಹಾಕಲು ಹೊರಟರೆ ತಡೆಯುವುದಕ್ಕೇ ಅವರು ನಿಂತಿದ್ದು.

ಜೂನ್ 28ರ ಮಧ್ಯಾಹ್ನ ಮೂರು ಗಂಟೆಗೆ ವರ್ಸೇಲ್ಸ್ ಅರಮನೆಯ ಕನ್ನಡಿಗಳ ಹಜಾರದಲ್ಲಿ ಸಹಿ ಶುರುವಾಯಿತು. ಚೀನಾದ ಎರಡು ಕುರ್ಚಿಗಳು ಖಾಲಿ ಇದ್ದವು. ಲೂ ಮುಂದೆ ಬರೆದರು, ನನ್ನ ಸೇವೆಯಲ್ಲಿ ಮೊದಲ ಸಲ ಮಾತು ಕೇಳದಿರುವುದೇ ನನ್ನ ಕರ್ತವ್ಯ ಅನ್ನಿಸಿತು ಅಂತ. ಅನ್ಯಾಯದ ಕಲಮುಗಳ ಕೆಳಗೆ ಇನ್ನೊಂದು ಸಲ ತಮ್ಮ ಹೆಸರು ಬರೆಯಲು ಅವರು ತಯಾರಿರಲಿಲ್ಲ. 'ಇನ್ನೊಂದು ಸಲ' ಅನ್ನುವುದನ್ನು ಗಮನಿಸಿ. ಆ ಮಾತಿನ ಹಿಂದೆ 1915ರ ಮೇ ತಿಂಗಳಿದೆ.

ನಮ್ಮ ದೇಶದ ಮಾತೂ ಇಲ್ಲಿ ಬರಬೇಕು. ಅದೇ ಹಜಾರದಲ್ಲಿ, ಅದೇ ದಿನ, ಭಾರತದ ಹೆಸರಿನಲ್ಲಿ ಸಹಿ ಬಿತ್ತು. ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರ್‌ನ ಮಹಾರಾಜ ಗಂಗಾ ಸಿಂಗ್. ಜಲಿಯನ್‌ವಾಲಾಬಾಗ್ ಆಗಿ ಎರಡೂವರೆ ತಿಂಗಳಾಗಿತ್ತು. ನಮ್ಮನ್ನು ಕೇಳುವವರೇ ಇರಲಿಲ್ಲ. ಚೀನಾದ ಪರಿಸ್ಥಿತಿ ಎಷ್ಟೇ ಕೆಟ್ಟಿದ್ದರೂ, ಒಲ್ಲೆ ಅನ್ನಬಲ್ಲ ತನ್ನದೇ ಮನುಷ್ಯ ಅದಕ್ಕಿದ್ದ.

ಸಹಿ ಹಾಕದ್ದರಿಂದ ಚೀನಾಕ್ಕೆ ನಷ್ಟವಾಯಿತೇ? ಎಲ್ಲರೂ ಹೆದರಿದಷ್ಟು ಆಗಲಿಲ್ಲ. ಸೆಪ್ಟೆಂಬರ್ 10ರಂದು ಆಸ್ಟ್ರಿಯಾ ಜೊತೆಗಿನ ಬೇರೆ ಒಪ್ಪಂದಕ್ಕೆ ಲೂ ಸಹಿ ಹಾಕಿದರು. ಅದರ ಮೂಲಕ ಚೀನಾ ರಾಷ್ಟ್ರಸಂಘದ ಸದಸ್ಯನಾಯಿತು. 1922ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಜಪಾನ್ ಶಾಂಡೊಂಗ್ ಬಿಟ್ಟುಕೊಡಲು ಒಪ್ಪಿತು. ಪ್ಯಾರಿಸ್‌ನಲ್ಲಿ ಸಹಿ ಬಿದ್ದಿದ್ದರೆ ಅಲ್ಲಿ ಮಾತೆತ್ತಲು ಬಾಯಿಯೇ ಇರುತ್ತಿರಲಿಲ್ಲ.

ಊರಿಗೆ ಮರಳಿದಾಗ ಜನ ಗುಂಪುಗೂಡಿ ಲೂ ಅವರನ್ನು ಸ್ವಾಗತಿಸಿದರು. ಆದರೆ ಮನಸ್ಸು ರಾಜಕೀಯದಲ್ಲಿ ಉಳಿದಿರಲಿಲ್ಲ. 1920ರಲ್ಲಿ ಮಂತ್ರಿಗಿರಿ ಬಿಟ್ಟರು. ಹೆಂಡತಿಯ ಆರೋಗ್ಯ ಕೆಡುತ್ತಿತ್ತು. ಆಕೆಗಾಗಿ 1922ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರಾಯಭಾರಿಯಾಗಿ ಹೋದರು. ಹಿಂದೆ ಪ್ರಧಾನಿಯಾಗಿದ್ದವರಿಗೆ ಇದು ಸಣ್ಣ ಹುದ್ದೆ. ಹೆಂಡತಿಗೆ ಒಳ್ಳೆಯ ಹವೆ ಸಿಕ್ಕರೆ ಸಾಕು ಅನ್ನುವುದೊಂದೇ ಲೆಕ್ಕ. ಕೊನೆಯ ದಿನಗಳಲ್ಲಿ ತಾವೇ ಆರೈಕೆ ಮಾಡಿದರು. 1926ರ ಏಪ್ರಿಲ್ 16ರಂದು ಬರ್ತ್ ತೀರಿಕೊಂಡರು. ಮರುವರ್ಷ ಆಕೆಯ ದೇಹವನ್ನು ಬ್ರಸೆಲ್ಸ್‌ಗೆ ತಂದು ಮಣ್ಣು ಮಾಡಿದರು. ಅದೇ 1927ರ ಜುಲೈನಲ್ಲಿ ಬ್ರೂಜ್ ಊರಿನ ಪಕ್ಕದ ಸೇಂಟ್ ಆಂಡ್ರೂ ಮಠಕ್ಕೆ ಸೇರಿದರು. ಬೆನಡಿಕ್ಟೈನ್ ಪಂಥದ ಮಠ. ಪಶ್ಚಿಮದ ಕ್ರೈಸ್ತ ಸನ್ಯಾಸದಲ್ಲಿ ಬಹಳ ಹಳೆಯ ಪಂಥ. ಗುರು ಹೇಳಿದ್ದೂ ಇದನ್ನೇ, ಹಳೆಯದನ್ನು ಹುಡುಕು, ಒಳಗೆ ಹೋಗು.

ಲೂಗೆ ಆಗ 56. ಹೊಸ ಹೆಸರು ಪಿಯೆರ್ ಸೆಲೆಸ್ಟಿನ್. ಚಕ್ರವರ್ತಿಗಳ ಮುಂದೆ ಮಾತಾಡಿದ್ದವರು ಮಗನ ವಯಸ್ಸಿನ ಹುಡುಗರ ಜೊತೆ ಕೂತು ಲ್ಯಾಟಿನ್ ವ್ಯಾಕರಣ ಕಲಿಯಲು ಶುರುಮಾಡಿದರು. ಬಹಳ ಕಷ್ಟಪಟ್ಟರು. ಪಾದ್ರಿಯಾಗಲು ಎಂಟು ವರ್ಷ ಹಿಡಿಯಿತು. 1935ರ ಜೂನ್ 29ರಂದು, 64ನೇ ವಯಸ್ಸಿನಲ್ಲಿ ದೀಕ್ಷೆಯಾಯಿತು. ಕೊಟ್ಟವರು ಆರ್ಚ್‌ಬಿಷಪ್ ಚೆಲ್ಸೊ ಕೊಸ್ಟಾಂಟೀನಿ, ಚೀನಾದಲ್ಲಿ ಪೋಪ್‌ನ ಪ್ರತಿನಿಧಿಯಾಗಿದ್ದವರು.

ಮಠದೊಳಗೆ ಕೂತು ಚೀನಾವನ್ನು ಮರೆತರು ಅಂದುಕೊಳ್ಳಬೇಡಿ. 1931ರಲ್ಲಿ ಜಪಾನ್ ಮಂಚೂರಿಯಾ ನುಂಗಿದಾಗ ಒಂದು ಸಣ್ಣ ಪುಸ್ತಕ ತಂದರು. ಅದರ ಉಪಾಯ ನನಗೆ ತುಂಬಾ ಇಷ್ಟ. 1914ರಲ್ಲಿ ಜರ್ಮನಿ ಬೆಲ್ಜಿಯಂ ಮೇಲೆ ಬಿದ್ದಾಗ ಅಲ್ಲಿನ ಕಾರ್ಡಿನಲ್ ಮೆರ್ಸಿಯೆ ಅದನ್ನು ಎದುರಿಸಿ ಬರೆದಿದ್ದರು. ಲೂ ಆ ಬರಹಗಳನ್ನೇ ತೆಗೆದು ಮಂಚೂರಿಯಾಕ್ಕೆ ಹಚ್ಚಿದರು. ನಿಮ್ಮ ನೆಲಕ್ಕೆ ಅನ್ಯಾಯವಾದಾಗ ನೀವು ಹೇಳಿದ ಧರ್ಮ ನಮ್ಮ ನೆಲಕ್ಕೂ ಸಲ್ಲಬೇಕಲ್ವಾ ಅಂತ ಅವರದೇ ಕಾರ್ಡಿನಲ್‌ನ ಮಾತಿನಿಂದ ಕೇಳಿದರು. ವಾದ ಮಾಡುವ ಹಳೇ ರಾಯಭಾರಿ ಜುಬ್ಬದೊಳಗೆ ಹಾಗೇ ಇದ್ದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬೆಲ್ಜಿಯಂ ಆಕ್ರಮಿಸಿಕೊಂಡಿದ್ದಾಗ ಊರುಗಳಲ್ಲಿ ಚೀನಾದ ಬಗ್ಗೆ, ಅದು ಜಪಾನಿನ ವಿರುದ್ಧ ನಡೆಸುತ್ತಿದ್ದ ಹೋರಾಟದ ಬಗ್ಗೆ ಉಪನ್ಯಾಸ ಕೊಟ್ಟರು. ಜಪಾನ್ ಜರ್ಮನಿಯ ಸ್ನೇಹಿತ ದೇಶ ಅಂತ ಎಲ್ಲರಿಗೂ ಗೊತ್ತಿತ್ತು. ಕೇಳಲು ಬಂದವರ ಹೆಸರುಗಳನ್ನು ಜರ್ಮನ್ ಗುಪ್ತಚರರು ಬರೆದುಕೊಳ್ಳುತ್ತಿದ್ದರು. ಆದರೂ ಜನ ಬಂದರು, ಮುದುಕರು ಮಾತಾಡಿದರು. ಆ ಮಾತುಗಳೇ ಮುಂದೆ ಅವರ ನೆನಪುಗಳ ಪುಸ್ತಕವಾದವು. ನಾನು ಹೇಳಿದ ಎಷ್ಟೋ ಸಂಗತಿ ನಮಗೆ ಗೊತ್ತಾಗಿರುವುದು ಅದರಿಂದ.

1946ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರಿಗೆ ಮಠಾಧಿಪತಿಯ ಗೌರವ ಪದವಿ ಕೊಟ್ಟರು. ಆ ವರ್ಷ ಅವರಿಗೆ 75 ತುಂಬಿತು. ಅವರಿಗೆ ಬೇಕಿದ್ದದ್ದು ಬೇರೆ. ಚೀನಾಕ್ಕೆ ಹೋಗಬೇಕು, ಅಲ್ಲಿ ಈ ಪಂಥದ ಬೀಜ ಬಿತ್ತಬೇಕು. ಗುರುವಿನ ಮಾತಿನ ಕೊನೆಯ ಭಾಗ, ಅಂದರೆ ಕಲಿತದ್ದನ್ನು ತಗೊಂಡು ಬಾ ಅನ್ನುವುದು, ಇನ್ನೂ ಬಾಕಿ ಇತ್ತು. ಹೊರಡುವ ತಯಾರಿ ನಡೆಯಿತು. ಅಷ್ಟರಲ್ಲಿ ಅಂತರ್ಯುದ್ಧ ಜೋರಾಯಿತು. ಪ್ರಯಾಣ ಮುಂದಕ್ಕೆ ಹೋಯಿತು. ಆಮೇಲೆ ದೇಹ ಕೇಳಲಿಲ್ಲ. 1949ರ ಜನವರಿ 15ರಂದು ಬ್ರೂಜ್‌ನಲ್ಲಿ ತೀರಿಕೊಂಡರು, 77ನೇ ವಯಸ್ಸಿನಲ್ಲಿ. ಅದೇ ದಿನ ಚೀನಾದ ತಿಯಾನ್‌ಜಿನ್ ನಗರ ಕಮ್ಯುನಿಸ್ಟ್ ಸೈನ್ಯದ ವಶವಾಯಿತು. ತಿಂಗಳ ಕೊನೆಗೆ ಬೀಜಿಂಗ್ ಕೂಡ. ಅವರು ಸೇವೆ ಮಾಡಿದ ಗಣರಾಜ್ಯಕ್ಕೆ ಆ ನೆಲದಲ್ಲಿ ಇನ್ನು ಒಂಬತ್ತು ತಿಂಗಳೂ ಉಳಿದಿರಲಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಈ ವಿಷಯ ಎತ್ತಿದಾಗೆಲ್ಲ ಬರುವ ಪ್ರಶ್ನೆ ಅದು. ವರ್ಸೇಲ್ಸ್‌ನಲ್ಲಿ ಸಹಿ ಹಾಕದ ಶ್ರೇಯಸ್ಸು ವೆಲಿಂಗ್ಟನ್ ಕೂ ಅವರದ್ದಲ್ಲವೇ? ಕೂ ದೀರ್ಘಾಯುಷಿ, 1985ರವರೆಗೆ ಬದುಕಿದರು, ದೊಡ್ಡ ಹೆಸರು ಮಾಡಿದರು. ಭಾಷಣ ಮಾಡಿದವರು ಅವರು. ಸಹಿ ಬೇಡ ಅಂತ ಗಟ್ಟಿಯಾಗಿ ವಾದಿಸಿದವರಲ್ಲೂ ಅವರಿದ್ದಾರೆ. ಬೀದಿಗಿಳಿದ ವಿದ್ಯಾರ್ಥಿಗಳ ಪಾಲೂ ದೊಡ್ಡದು. ಅದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ನಿಯೋಗದ ಮುಖ್ಯಸ್ಥರು ಲೂ. ಸಹಿ ಹಾಕಿದ್ದರೂ ಹೆಸರು ಅವರದ್ದೇ, ಹಾಕದೆ ದೇಶಕ್ಕೆ ಕೆಡುಕಾಗಿದ್ದರೂ ಹೆಸರು ಅವರದ್ದೇ. ಸರ್ಕಾರದ ಮಾತಿಗೆ ಎದುರು ಹೇಳಿದ ಗುರುವಿನ ತಲೆ ಹೋದದ್ದನ್ನು ಅವರು ಕಂಡಿದ್ದರು. ಸರ್ಕಾರದ ಮಾತು ಕೇಳಿ 1915ರಲ್ಲಿ ಸಹಿ ಹಾಕಿದರೆ ಏನಾಗುತ್ತದೆ ಅನ್ನುವುದನ್ನೂ ಅನುಭವಿಸಿದ್ದರು. ಎರಡನ್ನೂ ತಿಳಿದು ತೀರ್ಮಾನ ತೆಗೆದುಕೊಳ್ಳಬೇಕಿದ್ದವರು ಆ ತಂಡದಲ್ಲಿ ಅವರೊಬ್ಬರೇ. ಹಾಗಾಗಿ ಶ್ರೇಯಸ್ಸಿನ ದೊಡ್ಡ ಪಾಲನ್ನು ನಾನು ಅವರಿಗೇ ಕೊಡುತ್ತೇನೆ.